ಯಂತ್ರಕ್ಕೆ ಅನಧ್ಯಯನ

ಮಕ್ತಲದ ಜಯಸಿಂಹಾಚಾರ್ಯರ ವಂಶದಲ್ಲಿ ಒಂದು ಪಾಠ ಹರಿದು ಬಂದಿತ್ತು. ಅದಕ್ಕೆ ಬೇರೆ ಹೆಸರಿರಲಿಲ್ಲ; ಮನೆಪಾಠವೆಂದೇ ಕರೆಯುತ್ತಿದ್ದರು. ಕೃಷ್ಣೆಯ ದಂಡೆಯಲ್ಲಿ ಬಾಳಿದ ಪೂರ್ವಜರೊಬ್ಬರು ಶಾಸ್ತ್ರಗ್ರಂಥಕ್ಕೆ ಕನ್ನಡದಲ್ಲಿ ಹೇಳಿದ ಅರ್ಥವಿವರಣೆ ಅದು. ಹೇಳಿದ್ದೇ ಹೊರತು ಬರೆದದ್ದಲ್ಲ. ಓಲೆಗೂ ಕಾಗದಕ್ಕೂ ಇಳಿಸಕೂಡದು, ಬಾಯಿಂದ ಕಿವಿಗೆ ಮಾತ್ರ ಸಲ್ಲಬೇಕು ಎಂಬುದು ಅವರ ಕಟ್ಟಳೆ. ಕೇಳದವನಿಗೆ ಹೇಳಕೂಡದು ಎಂಬುದು ಅದಕ್ಕಿಂತಲೂ ಬಿಗಿಯಾದದ್ದು. ಶಿಷ್ಯನಾದವನು ತಾನಾಗಿ ಬಂದು, ಮಣಿದು, ಕೇಳಿದರೆ ಗುರುವಾದವನು ಹೇಳಲೇಬೇಕು. ಯಾರೂ ಕೇಳಲಿಲ್ಲವಾದರೆ ಪಾಠವು ಎದೆಯಲ್ಲೇ ಬೂದಿಯಾದರೂ ಸರಿ, ಬೀದಿಗೆ ನಿಂತು ಕೂಗಿ ಕರೆಯುವಂತಿಲ್ಲ.

ಇಂಥ ಪಾಠವನ್ನು ಹೊತ್ತಿದ್ದ ಆಚಾರ್ಯರ ಕೊರಳಿಗೇ ವ್ಯಾಧಿ ಬಂದಿತು. ನಾರಾಯಣಪೇಟೆಯ ಕಾಲೇಜಿನಲ್ಲಿ ಸಂಸ್ಕೃತ ಹೇಳಿ ನಿವೃತ್ತರಾದವರು ಅವರು. ದನಿ ಒಡೆದದ್ದನ್ನು ವಯಸ್ಸಿನ ಗುಣವೆಂದು ಬಹುಕಾಲ ಶುಂಠಿ ಕಷಾಯದಲ್ಲೇ ಕಳೆದರು. ಕೊನೆಗೆ ರಾಯಚೂರಿಗೆ ಹೋದಾಗ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು.

"ತೆಗೆದ ಮೇಲೆ ಮಾತು?" ಎಂದು ಕೇಳಿದವರು ಅವರ ಹೆಂಡತಿ ಇಂದಿರಾಬಾಯಿ.

"ಜೀವ ಉಳೀತದಮ್ಮ," ಎಂದರು ವೈದ್ಯರು.

ಆಚಾರ್ಯರಿಗೆ ಮಕ್ಕಳಿರಲಿಲ್ಲ. ಮನೆಪಾಠವನ್ನು ಕೇಳಿ ಬಂದವನು ಒಬ್ಬನೇ, ಗದ್ವಾಲದ ಸುಜಯೀಂದ್ರ. ವರ್ಷಗಟ್ಟಲೆ ಅವರ ಮನೆಯಲ್ಲೇ ಉಂಡು, ನೀರು ಸೇದಿ, ಮುಕ್ಕಾಲು ಪಾಠವನ್ನು ಎದೆಗಿಳಿಸಿಕೊಂಡಿದ್ದ. ಆ ಮೇಲೆ ಅವನಿಗೆ ಒಂದು ದುರ್ಬುದ್ಧಿ ಹುಟ್ಟಿತು. ಗುರುಗಳು ಪಾಠ ಹೇಳುವಾಗ ಉತ್ತರೀಯದ ಮರೆಯಲ್ಲಿ ಫೋನಿಟ್ಟು ಅವರ ದನಿಯನ್ನು ಹಿಡಿದು, ತುಣುಕು ತುಣುಕಾಗಿ ಒಂದು ವಿಡಿಯೋ ಆ್ಯಪಿಗೆ ಹಾಕಿದ. ಜನ ಕೇಳಿ ಕೊಂಡಾಡಿದರು. ಹಾಗೆ ಕೊಂಡಾಡಿದವರೊಬ್ಬರು ಮಂತ್ರಾಲಯದಲ್ಲಿ ಆಚಾರ್ಯರಿಗೇ ತೋರಿಸಿದರು. ಶ್ಲೋಕದ ಅನ್ವಯ ನಡೆಯುತ್ತಿದ್ದ ಹಾಗೆಯೇ ನಡುವೆ ರಮ್ಮಿ ಆಟದ ಜಾಹೀರಾತು ಕುಣಿದು ಹೋಯಿತು.

ಅಂದು ಮನೆಗೆ ಬಂದ ಆಚಾರ್ಯರು ಶಿಷ್ಯನ ಮೇಲೆ ಕೂಗಾಡಲಿಲ್ಲ. "ಕೇಳದವರ ಕಿವಿಯೊಳಗ ನನ್ನ ಬಾಯಿ ಹಚ್ಚಿದಿ. ಇನ್ನ ನನ್ನ ಮುಂದ ಪುಸ್ತಕ ಬಿಚ್ಚಬ್ಯಾಡ," ಎಂದರು. ಸುಜಯೀಂದ್ರ ನಮಸ್ಕಾರ ಮಾಡಿ ಹೊರಟುಹೋದ. ಗದ್ವಾಲದಲ್ಲಿ ಪೌರೋಹಿತ್ಯ ಹಿಡಿದ, ಮದುವೆಯಾದ. ಗುರುಶಿಷ್ಯರ ನಡುವೆ ಮಾತು ನಿಂತಿತು. ನಡುವೆ ಇದ್ದದ್ದು ಜೂರಾಲದ ಅಣೆಕಟ್ಟೆಯಷ್ಟೇ. ಬಸ್ಸುಗಳು ದಿನವೂ ದಾಟುತ್ತಿದ್ದವು.

ಕೊರಳು ಹೋಗುವುದೆಂದು ಗೊತ್ತಾದ ಮೇಲೆ ಆಚಾರ್ಯರು ಕಂಪ್ಯೂಟರಿನ ಮುಂದೆ ಕುಳಿತು, ಅದು ದನಿ ಹಿಡಿದಿಡುವಂತೆ ಮಾಡಿ, ಒಡಕುದನಿಯಲ್ಲೇ, ಸುಜಯೀಂದ್ರನು ಬಿಟ್ಟುಹೋದ ಎಡೆಯಿಂದ ಹಿಡಿದು ಮಂಗಳದವರೆಗೆ ಮನೆಪಾಠವನ್ನು ಹೇಳಿ ಮುಗಿಸಿದರು. ದನಿಯೇ ಆದುದರಿಂದ ಬರೆದಂತಾಗಲಿಲ್ಲ ಎಂದು ಸಮಾಧಾನ ತಂದುಕೊಂಡರು. ಆದರೆ ಅದನ್ನು ಸೇರಬೇಕಾದವನಿಗೆ ಸೇರಿಸುವ ಬಗೆ? ಕರೆದು ಕೊಟ್ಟರೆ ಕೇಳದವನಿಗೆ ಹೇಳಿದಂತೆ.

"ಫೋನ್ ಮಾಡಿ ಬಾ ಅನ್ರೀ. ಒಂದ ಅಕ್ಷರ," ಎಂದರು ಇಂದಿರಾಬಾಯಿ.

"ಮೊದಲ ಅಕ್ಷರ ಅವನ ಬಾಯಿಂದ ಬರಬೇಕು."

"ಅವನ ಬಾಯಿ ನೀವೇ ಮುಚ್ಚಿಸೀರಿ."

ಈ ಇಕ್ಕಟ್ಟಿನಲ್ಲಿ ಇದ್ದಾಗಲೇ ಗುರುಪ್ರಸಾದ ಬಂದ. ಮಕ್ತಲದ ಮನೆಮನೆಗೆ ಕೇಬಲ್ಲು, ಇಂಟರ್ನೆಟ್ಟು ಎಳೆದವನು ಅವನು. ನಾಲ್ವತ್ತು ದಾಟಿದ, ವಿಭೂತಿ ಹಚ್ಚಿದ, ಮಾತಿನ ಗಿರಣಿಯಂಥ ಮನುಷ್ಯ. ತಂತಿಯ ದೋಷ ನೋಡಲು ಬಂದವನ ಮುಂದೆ ಆಚಾರ್ಯರು ತಮ್ಮ ಸಂಕಟ ಹೇಳಿಕೊಂಡರು.

"ಮನೆಪಾಠ ಅಂದ್ರ ಟ್ಯೂಷನ್ ಏನ್ರಿ ಆಚಾರ್ರ? ಲೆಕ್ಕ ಹೇಳ್ತೀರಿ?"

"ಲೆಕ್ಕ ಬರ್ತಿದ್ರ ಸಂಸ್ಕೃತ ಯಾಕ ಓದ್ತಿದ್ದೆನಪ್ಪ."

"ಹಂಗಾರ ಎಲ್ಲಾರಂಗ ವಿಡಿಯೋದಾಗ ಹಾಕಿಬಿಡ್ರಿ."

"ಅದು ಕೇಳದವರ ಮನಿಗೂ ನುಗ್ಗತದ. ನಡುವ ರಮ್ಮಿ ಆಡಸ್ತದ."

ಗುರುಪ್ರಸಾದ ತಲೆ ಕೆರೆದುಕೊಂಡ. "ಇದನ್ನ ಸರ್ವರ್ ಮಾಡಿದ್ರ ಆತು ನೋಡ್ರಿ," ಎಂದು ಪಡಸಾಲೆಯ ಹಳೆಯ ಕಂಪ್ಯೂಟರಿನ ಬೆನ್ನು ತಟ್ಟಿದ. "ನಿಮ್ಮ ದನಿ ನಿಮ್ಮ ಮನ್ಯಾಗ ಇರತೈತಿ. ಇದು ತಾನಾಗಿ ಯಾರಿಗೂ ಏನೂ ಕಳಸಂಗಿಲ್ರಿ. ಸುಮ್ಮ ಕುಂತಿರತೈತಿ. ಯಾರರ ಬಂದು ಕೇಳಿದ್ರ ಕೊಡತೈತಿ, ಕೇಳಲಿಲ್ಲ ಅಂದ್ರ ವರ್ಷಗಟ್ಟಲೆ ಗಪ್ ಚುಪ್."

ಆಚಾರ್ಯರು ನೆಟ್ಟಗೆ ಕುಳಿತರು. "ಇನ್ನೊಮ್ಮೆ ಹೇಳು."

ಅವನು ಇನ್ನೊಮ್ಮೆ ಹೇಳಿದ. ಕೇಳಿದವರಿಗೆ ಮಾತ್ರ ಕೊಡುವ ಯಂತ್ರ. ತಮ್ಮ ಪೂರ್ವಜರ ಕಟ್ಟಳೆಯನ್ನು ಯಾರೋ ಮ್ಲೇಚ್ಛದೇಶದಲ್ಲಿ ಕುಳಿತು ಲೋಹಕ್ಕೆ ಕಲಿಸಿರುವರಲ್ಲಾ ಎಂದು ಆಚಾರ್ಯರಿಗೆ ಬೆರಗಾಯಿತು. ಶ್ರೀಹರಿಯು ಯಾವ ಯಾವ ಕೈಗಳಿಂದ ಏನೇನು ಮಾಡಿಸುವನೋ ಬಲ್ಲವರಾರು.

ಗುರುಪ್ರಸಾದ ದುಡ್ಡು ಬೇಡದ ಯಾವುದೋ ತಂತ್ರಾಂಶವನ್ನು ಇಳಿಸಿ ಕೂಡಿಸಿದ. ದನಿಯ ಕಡತಗಳನ್ನು ಒಂದು ಕಡೆ ಜೋಡಿಸಿದ. ಒಂದು ಪುಟ ಸಿದ್ಧವಾಯಿತು: ಮೇಲೆ ಶ್ರೀಕಾರ, ಕೆಳಗೆ ಒತ್ತುವುದಕ್ಕೆ ಒಂದೇ ಗುಂಡಿ. ಗುಂಡಿಯ ಮೇಲೆ ಏನು ಬರೆಯಲಿ ಎಂದು ಅವನು ಕೇಳಿದಾಗ ಆಚಾರ್ಯರು "ಕೇಳು ಅಂತ ಬರಿ," ಎಂದರು. ಬೇಡುವುದೂ ಆಲಿಸುವುದೂ ಕನ್ನಡದಲ್ಲಿ ಒಂದೇ ಮಾತು; ಬೇರೆ ಭಾಷೆಗೆ ಈ ಭಾಗ್ಯವಿಲ್ಲವೆಂದು ಅವರಿಗೆ ಹಿಗ್ಗು.

ಪುಟವು ಪರದೆಯ ಮೇಲೆ ಮೂಡಿದ ದಿನ ಇಂದಿರಾಬಾಯಿ ಮೇಲೆ ಕಾಣುತ್ತಿದ್ದ ಅಂಕಿಗಳ ವಿಳಾಸವನ್ನು ಚೀಟಿಗೆ ಇಳಿಸಿಕೊಂಡರು. ಗದ್ವಾಲದ ಬಂಧುಗಳ ಮನೆಯ ಅರಿಶಿನ ಕುಂಕುಮದಲ್ಲಿ ಸುಜಯೀಂದ್ರನ ಹೆಂಡತಿ ಕೃಷ್ಣಪ್ರಿಯಾ ಸಿಕ್ಕಾಗ ಮೆಲ್ಲಗೆ ಕಿವಿಗೆ ಹಾಕಿದರು. "ನಾ ಹೇಳಿದೆ ಅಂತ ಅನಬ್ಯಾಡವ್ವ. ಇಂಥಾದ್ದೊಂದು ಅದ ಅಂತ ಅನ್ನು, ಅಷ್ಟೇ." ಗುರುವು ಹೇಳಿದಂತೆಯೂ ಆಗಲಿಲ್ಲ, ಶಿಷ್ಯನಿಗೆ ತಿಳಿಯದೆಯೂ ಹೋಗಲಿಲ್ಲ. ಈ ಸೂಕ್ಷ್ಮಕ್ಕೆ ಆಚಾರ್ಯರು ಕಣ್ಣು ಮುಚ್ಚಿಕೊಂಡರು.

ಆದರೆ ಮರುದಿನವೇ ಕೃಷ್ಣಪ್ರಿಯಾಳ ಫೋನು. ಅಂಕಿಗಳನ್ನು ಒತ್ತಿದರೆ ಅವರ ಮನೆಯ ಇಂಟರ್ನೆಟ್ ಡಬ್ಬಿಯೇ ಗುಪ್ತಪದ ಕೇಳುತ್ತಿದೆಯಂತೆ.

ಗುರುಪ್ರಸಾದ ಚೀಟಿ ನೋಡಿ ನಕ್ಕ. "ಬಾಯಾರ, ಇದು ಮನಿ ಒಳಗ ಕರಿಯೋ ಹೆಸರ್ರೀ. ‘ಅಪ್ಪಾ’ ಅಂತ ಎಲ್ಲಾರ ಮನ್ಯಾಗೂ ಕರೀತಾರ. ಕರದ್ರ ಅವರವರ ಅಪ್ಪ ಬರ್ತಾನ. ನಿಮ್ಮವ್ರು ಗದ್ವಾಲದಾಗ ಅಪ್ಪಾ ಅಂದ್ರ ಆಚಾರ್ರು ಹ್ಯಾಂಗ ಬಂದಾರು?"

"ಇದನ್ನ ಮೊದಲ ಹೇಳಬಾರದೇನೋ?"

"ನೀವು ಹಂಚತೀರಿ ಅಂತ ನನಗೇನ್ ಕನಸು ಬಿದ್ದಿತ್ತೇನ್ರಿ."

ಅವನು ಕಂಪನಿಯವರೊಡನೆ ತೆಲುಗಿನಲ್ಲಿ ಜಗಳಾಡಿ ಹೊರಗಿನ ಲೋಕಕ್ಕೆ ಕಾಣುವ ಸ್ಥಿರವಾದ ವಿಳಾಸ ತಂದ, ಡಬ್ಬಿಯಲ್ಲಿ ಬಾಗಿಲು ತೆರೆದ, ಪುಟಕ್ಕೆ ಮನೆಪಾಠವೆಂಬ ಹೆಸರನ್ನೇ ಗೊತ್ತುಮಾಡಿದ. ಹೊಸ ಹೆಸರು ಇಂದಿರಾಬಾಯಿಯಿಂದ ಕೃಷ್ಣಪ್ರಿಯಾಳಿಗೆ ಹೋಯಿತು.

ಶಸ್ತ್ರಕ್ರಿಯೆಗೆ ಹೊರಡುವ ಮುನ್ನ ಆಚಾರ್ಯರು ಗುರುಪ್ರಸಾದನನ್ನು ಕೂರಿಸಿ ನಿಯಮಗಳನ್ನು ಹೇಳಿದರು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಇವು ಅನಧ್ಯಯನದ ದಿನಗಳು. ಅಂದು ಪಾಠ ಹೇಳಕೂಡದು, ಕೇಳಕೂಡದು. ಆದುದರಿಂದ ಅಂದು ಯಂತ್ರವೂ ಆರಬೇಕು.

"ಸರ್ವರ್ ಅಂದ್ರ ಇಪ್ಪತ್ನಾಲ್ಕು ತಾಸೂ ನಡೀಬೇಕ್ರೀ," ಎಂದ ಗುರುಪ್ರಸಾದ.

"ಪಾಠಶಾಲೆ ನಡಿಯೂದಿಲ್ಲ."

"ಅದಕ್ಕೇನ್ ಗೊತ್ತಾಗತೈತ್ರಿ ಅಷ್ಟಮಿ ನವಮಿ?"

"ಅದಕ್ಕ ಗೊತ್ತಾಗೂದಿಲ್ಲ ಅಂತನ ನಾವು ಆರಿಸಬೇಕು. ಮತ್ತ ಅಕಾಲದಾಗ ಗುಡುಗಿದ್ರೂ ಅನಧ್ಯಯನ."

"ಹಾಂ, ಗುಡುಗಿಗೆ ಮಾತ್ರ ಬರೋಬರ್ ಹೇಳಿದ್ರಿ," ಎಂದು ಅವನು ಉತ್ಸಾಹದಿಂದ ತಲೆಯಾಡಿಸಿದ. "ಡಬ್ಬಿ ಸುಟ್ಟು ಹೋಗತೈತಿ."

"ಇನ್ನೊಂದು. ನಾ ಇರೂ ತನಕ ಮಾತ್ರ ಇದು. ಉಸಿರಿಲ್ಲದವರು ಪಾಠ ಹೇಳಬಾರದು. ನಾ ಹೋದ ದಿನ ಎಲ್ಲಾ ಅಳಿಸಿಬಿಡು."

ಗುರುಪ್ರಸಾದ ಇಂದಿರಾಬಾಯಿಯ ಮುಖ ನೋಡಿ ಹೂಂಗುಟ್ಟಿದ.

ರಾಯಚೂರಿನಿಂದ ಮರಳಿದ ಆಚಾರ್ಯರ ಕೊರಳಿನಲ್ಲಿ ಒಂದು ರಂಧ್ರವಿತ್ತು. ಉಸಿರು ಅಲ್ಲಿಂದಲೇ ಆಡುತ್ತಿತ್ತು. ಅದರ ಮೇಲೊಂದು ತೆಳುವಾದ ಬಟ್ಟೆ. ಸಂಧ್ಯಾವಂದನೆಯ ಮಂತ್ರ ತುಟಿಯ ಮೇಲೆ ಅಲುಗುವುದಷ್ಟೇ. ಹೊಟ್ಟೆಬಟ್ಟೆಯ ಮಾತನ್ನು ಬರೆದು ತೋರಿಸಲು ಪಾಟಿ, ಸೀಮೆಸುಣ್ಣ. ಮನೆಪಾಠವನ್ನು ಬರೆಯುವಂತಿಲ್ಲವಾದ್ದರಿಂದ ಆ ಪಾಟಿಯು ಅದಕ್ಕೆ ಒದಗುವಂತಿರಲಿಲ್ಲ. ಈಗ ಮನೆಪಾಠವೆಂದರೆ ಪಡಸಾಲೆಯ ಮೂಲೆಯಲ್ಲಿ ಗುಂಯ್‌ಗುಡುವ ಆ ಪೆಟ್ಟಿಗೆಯೊಂದೇ.

ಪುಟದ ಬಾಗಿಲಿಗೆ ಯಾರು ಬಂದರೂ ಪರದೆಯ ಮೇಲೆ ಒಂದು ಸಾಲು ಮೂಡುವಂತೆ ಗುರುಪ್ರಸಾದ ಮಾಡಿಕೊಟ್ಟಿದ್ದ. ಆಚಾರ್ಯರು ಮಣೆಯ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದರು. ಸಾಲು ಮೂಡಿತು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಒಂದರ ಬೆನ್ನಿಗೊಂದು ಏರತೊಡಗಿದವು. ಅವರು ಇಂದಿರಾಬಾಯಿಯನ್ನು ಕೈಬೀಸಿ ಕರೆದು ತೋರಿಸಿದರು. ಆ ಮುಖದ ಮೇಲೆ ಅಂಥ ಬೆಳಕನ್ನು ಆಕೆ ವ್ಯಾಧಿ ತಿಳಿದಂದಿನಿಂದ ಕಂಡಿರಲಿಲ್ಲ.

ಗುರುಪ್ರಸಾದ ಬಂದು ನೋಡಿದ.

"ಇವು ಮಂದಿ ಅಲ್ರೀ ಆಚಾರ್ರ. ಇವೂ ಯಂತ್ರಾನ. ಲೋಕದಾಗ ಯಾವ ಬಾಗಲಾ ತೆರದ್ರೂ ಬರ್ತಾವ. ಕೀಲಿ ಸಡಲ ಐತೇನು ಅಂತ ಜಗ್ಗಿ ನೋಡತಾವ, ಮುಂದಿನ ಮನಿಗೆ ಹೋಗತಾವ. ಕಳ್ಳರ ಪೈಕಿ ಅನ್ರಿ."

ಆಚಾರ್ಯರು ಬರೆದರು: ಪಾಠ ಕೇಳಿದವರು?

ಅವನು ಗುಂಡಿ ಒತ್ತಿದವರ ಗುರುತು ಹುಡುಕಿದ. "ಗುಂಡಿ ಯಾರೂ ಒತ್ತಿಲ್ರಿ," ಎಂದ. ಆ ಮೇಲೆ ಇಂದಿರಾಬಾಯಿ ಕೊಟ್ಟ ಚಹಾವನ್ನು ನಿಂತೇ ಕುಡಿದು, ಪಕ್ಕದ ಓಣಿಯಲ್ಲಿ ಯಾರದೋ ಕೇಬಲ್ಲು ಹರಿದಿದೆ ಎಂಬ ನೆಪ ಹೇಳಿ ಹೋದ.

ದಿನಗಳು ಹೀಗೆಯೇ ಸಾಗಿದವು. ಬೆಳಗಿನ ಸ್ನಾನಾಹ್ನಿಕಗಳ ನಂತರ ಪಂಚಾಂಗ ನೋಡಿ ಯಂತ್ರವನ್ನು ಹೊತ್ತಿಸುವುದು. ಅನಧ್ಯಯನವಾದರೆ ಆರಿಸಿದ್ದನ್ನು ಹಾಗೆಯೇ ಬಿಡುವುದು. ಶ್ರಾವಣ ಕಳೆಯಿತು, ವಿಜಯದಶಮಿ ಕಳೆಯಿತು. ಕೃಷ್ಣಪ್ರಿಯಾಳ ಫೋನು ಮತ್ತೆ ಬರಲಿಲ್ಲ. ತಾವಾಗಿ ಫೋನು ಮಾಡುವುದಕ್ಕೆ ಇಂದಿರಾಬಾಯಿಯನ್ನು ಗಂಡನ ಕಣ್ಣು ಬಿಡಲಿಲ್ಲ.

ಚಳಿ ಕಾಲಿಟ್ಟ ಮೇಲೆ ಒಂದು ತದಿಗೆಯ ಬೆಳಿಗ್ಗೆ ಸುಜಯೀಂದ್ರನೇ ಬಂದ. ಗದ್ವಾಲದ ಮೊದಲ ಬಸ್ಸಿಗೆ ಬಂದವನು ಹಿತ್ತಲಿನ ಬಾವಿಯ ಬಳಿ ಕಾಲು ತೊಳೆದು, ಹೊಸ್ತಿಲ ಒಳಗೆ ನಿಂತು, ಗೋತ್ರಪ್ರವರ ಹೇಳಿ ಸಾಷ್ಟಾಂಗ ಹಾಕಿದ. ಮೇಲೆದ್ದು ಗುರುವಿನ ಕೊರಳಿನ ಬಟ್ಟೆಯನ್ನು ನೋಡಿ ಮುಖ ತಗ್ಗಿಸಿದ. ಆಚಾರ್ಯರ ಕೈ ತಾನಾಗಿ ಮೇಲೆದ್ದಿತು. ಆಶೀರ್ವಾದಕ್ಕೆ ದನಿ ಬೇಕಿಲ್ಲವಷ್ಟೆ. ಅವರ ಕಣ್ಣು ಮೂಲೆಯ ಯಂತ್ರದ ಕಡೆಗೆ ಹೋಯಿತು. ಅಂದು ಅಧ್ಯಯನದ ದಿನ. ಯಂತ್ರ ಹೊತ್ತಿತ್ತು. ಒಂದು ಮಾತು, ‘ಹೇಳಿರಿ’ ಎಂಬ ಒಂದೇ ಮಾತು, ಆ ಬಾಯಿಂದ ಬಂದರೆ ಸಾಕಾಗಿತ್ತು.

"ಉಂಡು ಹೋಗೂವಂತಿ, ಕೂಡು ಸುಜಯಾ," ಎಂದರು ಇಂದಿರಾಬಾಯಿ.

"ಬಸ್ಸದರೀ ಅಮ್ಮ. ರಾಯಚೂರಿಗೆ ಹೋಗಬೇಕು," ಎಂದ. ಆ ಮೇಲೆ ಗುರುವಿನ ಪಾದದ ಕಡೆ ನೋಡುತ್ತ ಹೇಳಿದ: "ತಮಗ ತಿಳಿಸದ ಇರಬಾರದು ಅಂತ ಬಂದೆ. ವಿಜಯದಶಮಿಗೆ ರಾಯಚೂರಿನಾಗ ಬ್ಯಾರೆ ಆಚಾರ್ಯರ ಹತ್ರ ಪಾಠಕ್ಕ ಕೂತೀನ್ರಿ. ಮೊದಲಿನಿಂದ. ಮುಗಿಯೂ ತನಕ ಇನ್ನೊಬ್ಬರ ಬಾಯಿಂದ ಕೇಳೂದಿಲ್ಲ ಅಂತ ಸಂಕಲ್ಪ ಆಗ್ಯದ. ಒಂದು ಪಾಠ ಹಿಡಿದವ ನಡುವ ಇನ್ನೊಂದು ಕಿವಿಗೆ ಹಾಕ್ಕೊಂಡ್ರ ಎರಡೂ ಕೆಡ್ತಾವ ಅಂತ ತಾವೇ ಹೇಳಿದ್ದಿರಿ."

ಹೌದು, ಹೇಳಿದ್ದರು. ಆಚಾರ್ಯರು ತಲೆಯಾಡಿಸಿದರು. ಪಾಟಿಯ ಮೇಲೆ ಬರೆದರು: ಎಷ್ಟು ಕಾಲ?

"ಹನ್ನೆರಡು ವರ್ಷದ ಪಾಠರೀ."

ಇಂದಿರಾಬಾಯಿ ತಡೆಯಲಾರದೆ ಹೋದರು. "ಕೃಷ್ಣಪ್ರಿಯಾ ನಿನಗ ಏನೂ ಹೇಳಲಿಲ್ಲೇನೋ? ಆ ಪುಟ ಅದ, ಇವರ ದನಿ ಅದ ಅಂತ?"

"ಹೇಳಿದ್ಲರೀ. ಬಂದಿದ್ದೆ."

ಆಚಾರ್ಯರು ತಲೆ ಎತ್ತಿದರು.

"ಶ್ರಾವಣದ ಬಹುಳ ಪಾಡ್ಯದ ದಿನ ಬಂದಿದ್ದೆ. ಸ್ನಾನ ಮಾಡಿ, ಮಣಿ ಹಾಕ್ಕೊಂಡು ಕೂತು, ಫೋನ್ ಮುಂದ ಇಟ್ಟು ನಮಸ್ಕಾರ ಮಾಡಿ ಪುಟ ತೆಗೀಲಿಕ್ಕೆ ಹೋದೆ. ತೆಗೀಲಿಲ್ಲ. ತಾಸು ಬಿಟ್ಟು ನೋಡಿದೆ. ಮಧ್ಯಾಹ್ನ ನೋಡಿದೆ. ಇಂಥಾ ಠಿಕಾಣಿ ಸಿಗವಲ್ದು ಅಂತನ ಬಂತು. ನಾ ಅಂತ ಗೊತ್ತಾಗೇ ಮುಚ್ಚಿದ್ರಿ ಅಂದ್ಕೊಂಡೆ. ಗುರುಗಳು ಮುಚ್ಚಿದ ಬಾಗಲ ಮತ್ತೊಮ್ಮೆ ಬಡೀಬಾರದಲ್ಲರೀ."

ಸೀಮೆಸುಣ್ಣ ಕಿರುಗುಟ್ಟಿತು: ಅಂದು ಅನಧ್ಯಯನ. ನಿನಗೆ ತಿಳಿಯದೆ?

"ತಿಳಿದೇ ಬಂದಿದ್ದೆ," ಎಂದ ಸುಜಯೀಂದ್ರ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಆಚಾರ್ಯರಿಗೆ ಎಷ್ಟೋ ಹಗುರಾಗುತ್ತಿತ್ತು. "ಪಾಠ ಕೇಳೂ ಮುಖ ನನಗೆಲ್ಲಿ ಇತ್ತರೀ. ಪುಸ್ತಕ ಬಿಚ್ಚಬ್ಯಾಡ ಅಂದಿದ್ರಿ. ಅನಧ್ಯಯನದ ದಿನ ಹೆಂಗೂ ಪುಸ್ತಕ ಬಿಚ್ಚೂದಿಲ್ಲ, ಅವತ್ತು ಹೋದ್ರ ತಮ್ಮ ಮಾತು ಮೀರಿದಂಗ ಆಗೂದಿಲ್ಲ, ಸುಮ್ಮ ಬಾಗಲದಾಗ ಕೂತು ಬರೋಣ ಅಂತ ಬಂದಿದ್ದೆ. ಮೊದಲ ನಾ ಇಲ್ಲಿ ಇದ್ದಾಗ ಪಾಡ್ಯ, ಅಷ್ಟಮಿ ಬಂತಂದ್ರ ತಾವು ಪುಸ್ತಕ ಕಟ್ಟಿಟ್ಟು ನನ್ನ ಜೋಡಿ ಹೂವು ಬಿಡಸ್ತಿದ್ರಿ. ಅಮ್ಮ ಅವಲಕ್ಕಿ ಕೊಡ್ತಿದ್ರು. ಪುಸ್ತಕ ಮುಚ್ಚಿರ್ತಿತ್ತು, ಮನಿ ಮುಚ್ಚಿರ್ತಿರಲಿಲ್ಲ. ಯಂತ್ರಕ್ಕೂ ಅನಧ್ಯಯನ ಇರ್ತದ ಅಂತ ನನಗ ತೋಚಲಿಲ್ಲರೀ."

ಆಚಾರ್ಯರ ಮನಸ್ಸು ತರ್ಕದ ಹಳೆಯ ಅಭ್ಯಾಸದಿಂದ ಕಾರಣಕ್ಕೆ ಕಾರಣವನ್ನು ಪೋಣಿಸುತ್ತ ಹೋಯಿತು. ಪಾಠ ಬೇರೆ, ಮನೆ ಬೇರೆ. ಆಧಾರವೂ ಅದರಲ್ಲಿರುವ ವಸ್ತುವೂ ಒಂದಲ್ಲ, ಭೇದವಿದೆ. ಜೀವನದುದ್ದಕ್ಕೂ ಭೇದವನ್ನೇ ಬೋಧಿಸಿದ ತಾವು ಒಂದು ಗುಂಡಿ ಅದುಮಿ ಎರಡನ್ನೂ ಒಂದೇ ಮಾಡಿ ಆರಿಸಿದ್ದರು. ಯಂತ್ರವನ್ನು ಆರಿಸದೆ, ಇಂದು ಪಾಠವಿಲ್ಲ, ಬಾ, ಕುಳಿತುಕೋ ಎಂದು ಪುಟದ ಮೇಲೆ ಒಂದು ಸಾಲು ಹಾಕುವುದು ಗುರುಪ್ರಸಾದನಿಗೆ ಚಹಾ ಆರುವಷ್ಟು ಹೊತ್ತಿನ ಕೆಲಸವಾಗಿತ್ತು. ಅವನಿಗೆ ಹೇಳಬೇಕೆಂದು ತಮಗೂ ಹೊಳೆಯಲಿಲ್ಲ; ಅನಧ್ಯಯನದ ದಿನ ಬರುವ ಶಿಷ್ಯನೊಬ್ಬನಿರುವನೆಂದು ಅವನಿಗೂ ಗೊತ್ತಿರಲಿಲ್ಲ.

"ನನಗ ಅಪ್ಪಣೆ," ಎಂದ ಸುಜಯೀಂದ್ರ.

ಅಪ್ಪಣೆಯ ಕೈ ಎತ್ತಬೇಕು. ಸಂಕಲ್ಪಬದ್ಧನಾದವನನ್ನು ತಡೆಯಕೂಡದು. ಆಚಾರ್ಯರು ಕೈಯೆತ್ತಿದರು. ಅವನು ಮತ್ತೆ ಸಾಷ್ಟಾಂಗ ಹಾಕಿ, ಇಂದಿರಾಬಾಯಿಗೂ ನಮಸ್ಕರಿಸಿ, ಯಂತ್ರದ ಕಡೆ ತಿರುಗಿಯೂ ನೋಡದೆ ಅಂಗಳಕ್ಕಿಳಿದ. ಗುರುವಿನ ದನಿ ಅಲ್ಲಿರುವಾಗ ಅದನ್ನು ನೋಡುವುದೂ ತಪ್ಪಾದೀತೆಂದು ಅಂಜಿದನೋ ಏನೋ.

ಅವನ ಹೆಜ್ಜೆಯ ಸಪ್ಪಳ ಬೀದಿಯಲ್ಲಿ ಅಡಗಿದ ಮೇಲೆ ಇಂದಿರಾಬಾಯಿ ಗಂಡನ ಎದುರಿಗೆ ಬಂದು ನಿಂತರು.

"ಇನ್ನೂ ಸ್ಟ್ಯಾಂಡಿಗೆ ಹೋಗಿ ಮುಟ್ಟಿಲ್ಲ. ನೀವು ಬಾ ಅಂದ್ರ ಸಂಕಲ್ಪ ಬಿಟ್ಟು ಬರ್ತಾನ. ನನಗ ಗೊತ್ತದ."

ಆಚಾರ್ಯರಿಗೂ ಗೊತ್ತಿತ್ತು. ಅದೇ ಅವರ ಭಯ. ಪಾಟಿಯ ಮೇಲೆ ನಿಧಾನವಾಗಿ ಬರೆದರು: ನಾನು ಕಲಿಸಿದ್ದನ್ನು ನಾನೇ ಮುರಿಸಲೆ?

"ಮತ್ತ ಉಳಿದದ್ದೇನು ಮಾಡ್ತೀರಿ? ಆ ಪೆಟಗಿಗೆ ಕೇಳಸ್ತೀರೇನು ಹನ್ನೆರಡು ವರ್ಷ? ನಿಮಗ ಇನ್ನ ಹನ್ನೆರಡು ವರ್ಷ ಆಯುಷ್ಯ ಅದ ಏನು?" ಆಕೆ ಬೀದಿಯ ಕಡೆ ಕೈ ತೋರಿಸಿದರು. "ಅವ ಬಂದಿದ್ದ. ಬಂದವಗ ಕೂಡಲಿಕ್ಕೆ ಒಂದು ಮಣಿ ಹಾಕಲಿಲ್ಲ ನಾವು. ಅದನ್ನರ ಹೇಳಿ ಕಳಸ್ರಿ ಅವನಿಗೆ. ತಪ್ಪು ನಮ್ಮದು ಅಂತ ಅನ್ರಿ. ಅದು ಪಾಠ ಅಲ್ಲಲ್ಲ, ಅದನ್ನ ಹೇಳಲಿಕ್ಕೆ ಯಾವ ಕಟ್ಟಳೆ ಅಡ್ಡ ಬರ್ತದ?"

ಯಾವ ಕಟ್ಟಳೆಯೂ ಇರಲಿಲ್ಲ. ಅದು ಪಾಠವಲ್ಲ. ಯಾರೂ ಕೇಳದೆಯೇ ಹೇಳಬಹುದಾದ ಮಾತು. ಆಚಾರ್ಯರು ಥಟ್ಟನೆ ಎದ್ದರು. ಉತ್ತರೀಯ ಜಾರಿದ್ದನ್ನೂ ನೋಡದೆ ಅಂಗಳ ದಾಟಿ ಬೀದಿಗೆ ಬಂದರು. ಬೀದಿಯ ಕೊನೆಯಲ್ಲಿ, ಕಿರಾಣಿ ಅಂಗಡಿಯ ಆಚೆ, ಸುಜಯೀಂದ್ರ ರಸ್ತೆಯ ಅಂಚಿಗೆ ನಿಂತು ಬಸ್ಸಿಗೆ ಕೈ ಮಾಡುತ್ತಿದ್ದ. ಅವನ ಬೆನ್ನು ಈ ಕಡೆಗಿತ್ತು. ಮಾತು ತಲುಪುವಷ್ಟೇ ದೂರ.

ಆಚಾರ್ಯರು ಬಾಯಿ ತೆರೆದು ಅವನ ಹೆಸರು ಹಿಡಿದು ಕರೆದರು. ತುಟಿಗಳು ಆ ಹೆಸರನ್ನು ಶುದ್ಧವಾಗಿ, ಒಂದಕ್ಷರವೂ ಸಡಿಲದಂತೆ ಆಡಿದವು. ಕೊರಳಿನ ಬಟ್ಟೆ ಉಸಿರಿಗೆ ಉಬ್ಬಿ ಇಳಿಯಿತು. ಕಿರಾಣಿ ಅಂಗಡಿಯವನು ನೋಡಿ, ಆಚಾರ್ರು ಕೆಮ್ಮುತ್ತಿದ್ದಾರೆಂದು ತಿಳಿದು, ಒಂದು ಲೋಟ ನೀರು ತರುವುದಕ್ಕೆ ಒಳಗೆ ಹೋದ. ಬಸ್ಸು ನಿಂತಿತು, ಹತ್ತಿಸಿಕೊಂಡಿತು, ರಾಯಚೂರಿನ ದಾರಿ ಹಿಡಿಯಿತು.